ತಾಲ್ಲೂಕು ಕಚೇರಿಗಳ ರೂಟರ್‌ಗೆ ಹಾರ್ಡ್‌ವೇರ್ ಎನ್‌ಕ್ರಿಪ್ಷನ್: ರೂಟರ್ ಒಳಗಿನ ಚಿಪ್ ಸಾಕೋ, ಬೇರೆ ಪೆಟ್ಟಿಗೆ ಬೇಕೋ?

ಭದ್ರಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಇಲಾಖೆಯ ಜಿಲ್ಲಾ ಕಚೇರಿಗೆ ಟೆಂಡರಿನ ತಾಂತ್ರಿಕ ವಿವರ ಬರೆದುಕೊಡಬೇಕು. ಜಿಲ್ಲಾ ಕಚೇರಿಗೆ ಭದ್ರಾವತಿ, ಸಾಗರ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ ಹೀಗೆ ಆರು ತಾಲ್ಲೂಕು ಕಚೇರಿಗಳು ಸೇರುತ್ತವೆ. ಪ್ರತಿ ತಾಲ್ಲೂಕಿಗೂ 20 ಎಂಬಿಪಿಎಸ್ ಎಂಪಿಎಲ್‌ಎಸ್ (ಸೇವಾದಾರರು ಲೇಬಲ್ ಹಚ್ಚಿ ಪ್ಯಾಕೆಟ್ ಸಾಗಿಸುವ ಜಾಲ) ಲೀಸ್ಡ್ ಲೈನ್, ಅದು ಬಿದ್ದರೆ 4ಜಿ ಸಿಮ್. ಹರಿದಾಡುವುದು ಫಲಾನುಭವಿಗಳ ಬ್ಯಾಂಕ್ ವಿವರ, ಸ್ಕ್ಯಾನ್ ಮಾಡಿದ ಕಡತಗಳು, ಐಪಿ ಫೋನ್, ರಾತ್ರಿ ಹೊತ್ತಿನ ಬ್ಯಾಕಪ್. 'ರಹಸ್ಯ' ಎಂದು ವರ್ಗೀಕರಿಸಿದ ಕಡತ ಯಾವುದೂ ಈ ಜಾಲದಲ್ಲಿ ಹೋಗುವುದಿಲ್ಲ.

ಕೇಳಿದ ಮೂವರು ಪೂರೈಕೆದಾರರು ಮೂರು ದಾರಿ ಹೇಳುತ್ತಿದ್ದಾರೆ. ರೂಟರ್ ಒಳಗಿನ ಕ್ರಿಪ್ಟೊ ಚಿಪ್ ಸಾಕು ಎನ್ನುತ್ತಾರೆ ಒಬ್ಬರು. ಪ್ರತಿ ಕಚೇರಿಗೂ ಬೇರೆ ಎನ್‌ಕ್ರಿಪ್ಟರ್ ಪೆಟ್ಟಿಗೆ, ಅದೂ ಫಿಪ್ಸ್ (ಎನ್‌ಕ್ರಿಪ್ಷನ್ ಸಾಧನಗಳ ಒಂದು ಮಾನದಂಡ) ಲೆವೆಲ್ 3 ಇರಲೇಬೇಕು ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಎಂಪಿಎಲ್‌ಎಸ್ ಹೇಗೂ ಖಾಸಗಿ ಜಾಲ, ತಂತ್ರಾಂಶಕ್ಕೆ ಟಿಎಲ್‌ಎಸ್ (ಬ್ರೌಸರ್‌ನ ಎಚ್‌ಟಿಟಿಪಿಎಸ್ ಎನ್‌ಕ್ರಿಪ್ಷನ್) ಇದೆ, ಮತ್ತೇಕೆ ಖರ್ಚು ಅನ್ನುತ್ತಾರೆ. ಯಾವುದನ್ನು ಬರೆಯಲಿ? ಬರೆದರೆ ಯಾವ ಸಾಲು ಬಿಡಬಾರದು?

ಕೊಡಚಾದ್ರಿ

ಮೂರನೆಯವರ ಮಾತನ್ನು ಮೊದಲು ಬದಿಗಿಡಿ. ಎಂಪಿಎಲ್‌ಎಸ್ ನಿಮ್ಮ ಟ್ರಾಫಿಕ್ಕನ್ನು ಬೇರೆ ಗ್ರಾಹಕರದ್ದರಿಂದ ಬೇರ್ಪಡಿಸುತ್ತದೆ, ಅಷ್ಟೇ. ಲೇಬಲ್ ಹಚ್ಚಿದ ಪ್ಯಾಕೆಟ್ಟಿನ ಒಳಗಿರುವುದು ಬಯಲಾಗಿಯೇ ಹೋಗುತ್ತದೆ. ನಡುವಿನ ಯಾವುದೇ ಸ್ವಿಚ್‌ನಲ್ಲಿ ಒಂದು ಪೋರ್ಟನ್ನು ಮಿರರ್ ಮಾಡಿದರೆ ಓದಬಹುದು. ಟಿಎಲ್‌ಎಸ್ ಇರುವುದು ಬ್ರೌಸರ್ ತಂತ್ರಾಂಶಕ್ಕೆ ಮಾತ್ರ. ಡಿಎನ್‌ಎಸ್, ಪ್ರಿಂಟರ್‌ಗೆ ಹೋಗುವ ಕಡತ, ಹಂಚಿಕೊಂಡ ಫೋಲ್ಡರ್, ಎಸ್‌ಆರ್‌ಟಿಪಿ (ಫೋನ್ ಮಾತಿನ ಎನ್‌ಕ್ರಿಪ್ಷನ್) ಹಾಕದ ಐಪಿ ಫೋನ್, ಹಳೆಯ ಬ್ಯಾಕಪ್ ತಂತ್ರಾಂಶ, ಇವೆಲ್ಲ ಅದರ ಹೊರಗೆ. ನೀವು ಕೊಟ್ಟ ಪಟ್ಟಿಯಲ್ಲೇ ಇವುಗಳಲ್ಲಿ ಎರಡು ಇವೆ, ಫೋನ್ ಮತ್ತು ಬ್ಯಾಕಪ್.

ಇನ್ನು ಹಾರ್ಡ್‌ವೇರ್. ನಿಮ್ಮ ಅಗತ್ಯಕ್ಕೆ ರೂಟರ್ ಒಳಗಿನ ಐಪಿಸೆಕ್ (ಐಪಿ ಪ್ಯಾಕೆಟ್ಟನ್ನೇ ಎನ್‌ಕ್ರಿಪ್ಟ್ ಮಾಡುವ ವಿಧಾನ) ವೇಗವರ್ಧಕ, ಅಂದರೆ ಆ ಕ್ರಿಪ್ಟೊ ಚಿಪ್, ಸರಿಹೊಂದುತ್ತದೆ. ಯಾಕೆ ಅನ್ನುವುದಕ್ಕೆ ಉಳಿದ ದಾರಿಗಳನ್ನೂ ನೋಡಿ.

ಮ್ಯಾಕ್‌ಸೆಕ್, ಅಂದರೆ ಐಇಇಇ 802.1ಎಇ, ಪೋರ್ಟಿನ ಚಿಪ್‌ನಲ್ಲೇ ಪೂರ್ಣ ವೇಗದಲ್ಲಿ ನಡೆಯುತ್ತದೆ. ಫ್ರೇಮ್‌ಗೆ ಹೆಚ್ಚೆಂದರೆ 32 ಬೈಟ್ ಸೇರುತ್ತದೆ, ವಿಳಂಬ ಗೊತ್ತೇ ಆಗುವುದಿಲ್ಲ. ಆದರೆ ಅದು ಎರಡನೇ ಪದರದ, ಅಂದರೆ ಈಥರ್ನೆಟ್ ಫ್ರೇಮ್ ಮಟ್ಟದ, ಕೆಲಸ. ಎರಡು ತುದಿಗಳ ನಡುವೆ ನಿಮ್ಮದೇ ಫೈಬರ್ ಅಥವಾ ಪಾರದರ್ಶಕ ಈಥರ್ನೆಟ್ ಲೈನ್ ಇದ್ದರೆ ಮಾತ್ರ ಉಪಯೋಗ. ನಿಮ್ಮ ಎಂಪಿಎಲ್‌ಎಸ್ ಮೂರನೇ ಪದರದ (ಐಪಿ ವಿಳಾಸ ನೋಡಿ ಸಾಗಿಸುವ) ವಿಪಿಎನ್ ಆಗಿದ್ದರೆ ಸೇವಾದಾರರ ರೂಟರ್ ಐಪಿ ವಿಳಾಸ ಓದಲೇಬೇಕು, ಹಾಗಾಗಿ ಮ್ಯಾಕ್‌ಸೆಕ್ ಮೊದಲ ಹಾಪ್‌ಗೇ ಮುಗಿಯುತ್ತದೆ. ಈಥರ್ನೆಟ್ ಲೈನೇ ಕೊಟ್ಟರೂ ಒಂದು ತೊಡಕಿದೆ. ಮ್ಯಾಕ್‌ಸೆಕ್‌ನ ಕೀಲಿ ಮಾತುಕತೆಯ ಎಂಕೆಎ ಫ್ರೇಮ್‌ಗಳು 01-80-ಸಿ2-00-00-03 ಎಂಬ ವಿಳಾಸಕ್ಕೆ ಹೋಗುತ್ತವೆ, ಸೇವಾದಾರರ ಸ್ವಿಚ್ ಅವನ್ನು ಮುಂದೆ ಬಿಡದೆ ಅಲ್ಲೇ ನುಂಗುತ್ತದೆ. ಲೈನ್ ಅಪ್ ಇರುತ್ತದೆ, ಮ್ಯಾಕ್‌ಸೆಕ್ ಮಾತ್ರ ಏಳುವುದಿಲ್ಲ. ಈ ವಿಳಾಸ ಬದಲಿಸುವ ಸೌಲಭ್ಯ ರೂಟರ್‌ನಲ್ಲಿ ಇರಬೇಕಾಗುತ್ತದೆ. ಜಿಲ್ಲಾ ಕಚೇರಿ ಆವರಣದ ಎರಡು ಕಟ್ಟಡಗಳ ನಡುವೆ ನಿಮ್ಮದೇ ಫೈಬರ್ ಇದ್ದರೆ ಅಲ್ಲಿ ಕಣ್ಣುಮುಚ್ಚಿ ಮ್ಯಾಕ್‌ಸೆಕ್ ಹಾಕಿ.

ಓಟಿಎನ್ (ಫೈಬರ್ ಸಾಗಣೆ) ಪದರದ ಎನ್‌ಕ್ರಿಪ್ಷನ್ ಡೇಟಾ ಸೆಂಟರ್‌ಗಳ ನಡುವಿನ 10, 100 ಜಿಬಿಪಿಎಸ್ ಲೈನ್‌ಗೆ ಸೇರಿದ್ದು, 20 ಎಂಬಿಪಿಎಸ್‌ಗೆ ಅದರ ಮಾತೇ ಬೇಡ.

ಐಪಿಸೆಕ್ ಆರಿಸಿದಿರಿ ಅಂದುಕೊಳ್ಳಿ. ಎಡವುವುದು ವೇಗದ ಲೆಕ್ಕದಲ್ಲಿ. ಡೇಟಾಶೀಟ್‌ನಲ್ಲಿ '500 ಎಂಬಿಪಿಎಸ್ ಐಪಿಸೆಕ್' ಅಂತ ಬರೆದಿರುವುದು ಸಾಮಾನ್ಯವಾಗಿ 1400 ಬೈಟ್ ಪ್ಯಾಕೆಟ್ಟಿನ ಲೆಕ್ಕ, ಎಷ್ಟೋ ಸಲ ಹೋಗುವುದು ಬರುವುದು ಎರಡೂ ಸೇರಿಸಿದ ಮೊತ್ತ. ಚಿಪ್‌ಗೆ ಭಾರವಾಗುವುದು ಬೈಟಿಗಿಂತ ಪ್ಯಾಕೆಟ್ಟಿನ ಸಂಖ್ಯೆ. 100 ಎಂಬಿಪಿಎಸ್ ಲೈನ್ ತುಂಬಲು 1400 ಬೈಟಿನವಾದರೆ ಸೆಕೆಂಡಿಗೆ ಸುಮಾರು 8,700 ಪ್ಯಾಕೆಟ್ ಸಾಕು. 64 ಬೈಟಿನ ಫ್ರೇಮ್‌ಗಳಾದರೆ ಸುಮಾರು 1,48,800 ಬೇಕು. ಐಪಿ ಫೋನ್ ಕಳಿಸುವುದು ಇಂಥ ಸಣ್ಣವನ್ನೇ. ಜಿ.729 (ಧ್ವನಿ ಕುಗ್ಗಿಸುವ ಒಂದು ವಿಧಾನ) ಮಾತಿನ 60 ಬೈಟ್ ಪ್ಯಾಕೆಟ್ ಎಇಎಸ್-ಜಿಸಿಎಂ ಎಂಬ ಸೈಫರ್ ಹಾಕಿದ ಟನಲ್ ಮೋಡ್‌ನಲ್ಲಿ (ಇಡೀ ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ಕ್ರಮ) 116 ಬೈಟ್ ಆಗುತ್ತದೆ, ಹೆಚ್ಚುಕಡಿಮೆ ದುಪ್ಪಟ್ಟು. ಆದ್ದರಿಂದ 'ಐಮಿಕ್ಸ್ ಮಿಶ್ರಣದಲ್ಲಿ, ಎಇಎಸ್-256-ಜಿಸಿಎಂ ಹಾಕಿ, ಕ್ಯೂಓಎಸ್ ಮತ್ತು ಎಸಿಎಲ್ ಎರಡೂ ಚಾಲೂ ಇರುವಾಗ' ಇಷ್ಟು ವೇಗ ಬೇಕು ಎಂದೇ ಬರೆಯಿರಿ. ಐಮಿಕ್ಸ್ ಅಂದರೆ ಸಣ್ಣ ದೊಡ್ಡ ಪ್ಯಾಕೆಟ್ ಬೆರೆತ ಮಾದರಿ ಟ್ರಾಫಿಕ್, ಕ್ಯೂಓಎಸ್ ಅಂದರೆ ಯಾವ ಟ್ರಾಫಿಕ್ ಮೊದಲು ಎಂಬ ಆದ್ಯತೆ, ಎಸಿಎಲ್ ಅಂದರೆ ಏನು ಬಿಡಬೇಕು ಏನು ತಡೆಯಬೇಕು ಎಂಬ ಪಟ್ಟಿ. ನಿಮ್ಮ ಹಬ್‌ಗೆ, ಅಂದರೆ ಜಿಲ್ಲಾ ಕಚೇರಿಯ ರೂಟರ್‌ಗೆ, ಆರು ಇಪ್ಪತ್ತಲಿ 120, ಎರಡೂ ದಿಕ್ಕು ಸೇರಿ 240 ಎಂಬಿಪಿಎಸ್. ನಾಳೆ ಲೈನ್ ಏರಿಸುತ್ತೀರಿ ಎಂದು 500 ಕೇಳಿ. ತಾಲ್ಲೂಕಿಗೆ 100 ಸಾಕು.

ಇನ್ನೊಂದು ವಿಷಯ ಬೆಲೆಪಟ್ಟಿಯ ಕೊನೆಯ ಪುಟದಲ್ಲಿ ಅಡಗಿರುತ್ತದೆ. ಕೆಲವು ವಿದೇಶಿ ರೂಟರ್‌ಗಳಲ್ಲಿ ಚಿಪ್ ಎಷ್ಟೇ ಬಲವಾಗಿದ್ದರೂ, ರಫ್ತು ನಿಯಂತ್ರಣದ ಪ್ರತ್ಯೇಕ ಲೈಸೆನ್ಸ್ ಇಲ್ಲದಿದ್ದರೆ ಎನ್‌ಕ್ರಿಪ್ಟ್ ಮಾಡುವ ವೇಗಕ್ಕೂ ಟನಲ್‌ಗಳ ಸಂಖ್ಯೆಗೂ ಮಿತಿ ಹಾಕಿರುತ್ತಾರೆ. ಆ ಲೈಸೆನ್ಸ್ ಬೆಲೆಯಲ್ಲಿ ಸೇರಿದೆ ಎಂದು ಬರೆಸಿಕೊಳ್ಳಿ, ಅವಧಿ ಮುಗಿದರೆ ಏನಾಗುತ್ತದೆ ಎಂದೂ ಕೇಳಿ.

ವರದಾಮೂಲ

ಕೊಡಚಾದ್ರಿ ಅವರು ಹೇಳಿದ್ದು ಸರಿ, ಆದರೆ ಬೇರೆ ಪೆಟ್ಟಿಗೆಯನ್ನು ಅಷ್ಟು ಬೇಗ ಬಿಟ್ಟುಬಿಡಬಾರದು. ಅದು ಬೇಕಾಗುವ ಸಂದರ್ಭ ಎರಡು.

ಒಂದು, ವರ್ಗೀಕರಿಸಿದ ಮಾಹಿತಿ. 'ಗೋಪ್ಯ', 'ರಹಸ್ಯ' ದರ್ಜೆಯದು ಹೋಗುವುದಾದರೆ ಆಯ್ಕೆ ನಿಮ್ಮ ಕೈಯಲ್ಲೇ ಇರುವುದಿಲ್ಲ. ಡಿಆರ್‌ಡಿಒದ ಎಸ್‌ಎಜಿ (ಸೈಂಟಿಫಿಕ್ ಅನಾಲಿಸಿಸ್ ಗ್ರೂಪ್) ಪರೀಕ್ಷಿಸಿ ದರ್ಜೆ ಕೊಟ್ಟ ಉಪಕರಣವೇ ಬೇಕು. ಫಿಪ್ಸ್ ಅಮೆರಿಕ, ಕೆನಡಾ ಸರ್ಕಾರಗಳ ಮಾನದಂಡ, ಎಷ್ಟು ಮೇಲಿನ ಲೆವೆಲ್ ಇದ್ದರೂ ಅದು ಇದಕ್ಕೆ ಬದಲಿ ಆಗುವುದಿಲ್ಲ. ನಿಮ್ಮ ಜಾಲದಲ್ಲಿ ಅಂಥದ್ದು ಇಲ್ಲ ಎಂದಿದ್ದೀರಿ, ಅದನ್ನು ಕಡತದಲ್ಲಿ ಬರಹದಲ್ಲಿ ಪಡೆದುಕೊಳ್ಳಿ. ಮುಂದೆ ಯಾರೋ ಅದೇ ಲೈನ್‌ನಲ್ಲಿ ಅಂಥ ಕಡತ ಕಳಿಸಲು ಹೊರಟರೆ ತಡೆಯಲು ಆ ಕಾಗದವೇ ಆಧಾರ.

ಎರಡು, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನುವುದು. ಲೀಸ್ಡ್ ಲೈನ್ ಕೊಟ್ಟವರೇ ರೂಟರ್ ಇಟ್ಟು ಅವರೇ ನೋಡಿಕೊಳ್ಳುವ ಒಪ್ಪಂದವಾದರೆ, ಅದೇ ರೂಟರ್‌ನಲ್ಲಿ ಐಪಿಸೆಕ್ ಹಾಕುವುದು ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಯಾರಿಂದ ಮಾಹಿತಿ ಕಾಪಾಡಬೇಕೋ ಅವರ ಕೈಯಲ್ಲೇ ಕೀಲಿ ಇರುತ್ತದೆ. ಅಂಥ ಕಡೆ ಅವರ ರೂಟರ್ ಹಾಗೇ ಇರಲಿ, ಅದರ ಹಿಂದೆ ಇಲಾಖೆಯದೇ ಆದ ಇನ್ನೊಂದು ಸಣ್ಣ ರೂಟರ್ ಇಟ್ಟು ಟನಲ್ ಅಲ್ಲಿಂದ ಶುರು ಮಾಡಿ. ಕೆಸ್ವಾನ್ (ರಾಜ್ಯ ಸರ್ಕಾರದ ಜಾಲ) ಮೇಲೆ ಹೋಗುವ ಕಚೇರಿಗಳಿಗೂ ಇದೇ ಕ್ರಮ. ಅವರ ಸಾಧನ ಮುಟ್ಟಬೇಡಿ, ಮೊದಲೇ ತಿಳಿಸಿ ಐಪಿಸೆಕ್ ಬಳಸುವ ಯುಡಿಪಿ 500, ಯುಡಿಪಿ 4500 ಮತ್ತು ಐಪಿ ಪ್ರೋಟೊಕಾಲ್ 50 ಬಿಡಿಸಿಕೊಳ್ಳಿ. ಎನ್‌ಕ್ರಿಪ್ಟ್ ಆದ ಮೇಲೆ ಒಳಗಿನ ಪೋರ್ಟ್ ಅವರಿಗೆ ಕಾಣದು, ಹಾಗಾಗಿ ಡಿಎಸ್‌ಸಿಪಿ ಎಂಬ ಆದ್ಯತೆಯ ಗುರುತನ್ನು ಹೊರಗಿನ ಹೆಡರ್‌ಗೆ ನಕಲು ಮಾಡುವ ಆಯ್ಕೆ ಹಾಕಿರಬೇಕು. ಇಲ್ಲವಾದರೆ ಬ್ಯಾಕಪ್ ಓಡುವಾಗ ಫೋನ್ ಮಾತು ಕಡಿದು ಕಡಿದು ಬರುತ್ತದೆ.

ಕ್ಯೂಓಎಸ್‌ಗೇ ಅಂಟಿಕೊಂಡ ಇನ್ನೊಂದು ತೊಂದರೆ ಆಂಟಿ-ರಿಪ್ಲೇ ಕಿಟಕಿ, ಅಂದರೆ ಹಳೆಯ ಪ್ಯಾಕೆಟ್ಟನ್ನು ಮತ್ತೆ ಕಳಿಸಿ ಮೋಸ ಮಾಡದಂತೆ ಕ್ರಮಸಂಖ್ಯೆ ನೋಡುವ ವ್ಯಾಪ್ತಿ. ಎಷ್ಟೋ ರೂಟರ್‌ಗಳಲ್ಲಿ ಇದು 64 ಪ್ಯಾಕೆಟ್ ಇರುತ್ತದೆ. ಎನ್‌ಕ್ರಿಪ್ಟ್ ಆಗಿ ಕ್ರಮಸಂಖ್ಯೆ ಬಿದ್ದ ಮೇಲೆ ಸರದಿಯಲ್ಲಿ ಫೋನಿನ ಪ್ಯಾಕೆಟ್ ಮುಂದೆ ಹೋಗಿ ಬ್ಯಾಕಪ್‌ನದು ಹಿಂದೆ ಉಳಿಯುತ್ತದೆ. ಆಚೆ ತುದಿ ಅದನ್ನು 'ಹಳೆಯದು' ಎಂದು ಬಿಸಾಡುತ್ತದೆ. ಲೈನ್‌ನಲ್ಲಿ ನಷ್ಟವಿಲ್ಲ, ಬ್ಯಾಕಪ್ ಮಾತ್ರ ಆಮೆ ವೇಗ. ಕಿಟಕಿಯನ್ನು 1024ಕ್ಕೆ ಏರಿಸಿ.

ಇನ್ನು ಕೀಲಿ. ಎಇಎಸ್-256 ಅನ್ನು ಮುರಿದು ಯಾರೂ ಒಳಗೆ ಬರುವುದಿಲ್ಲ. ಬರುವುದು ಎಲ್ಲ ತಾಲ್ಲೂಕಿಗೂ ಒಂದೇ ಪ್ರಿ-ಶೇರ್ಡ್ (ಎರಡೂ ತುದಿಗೆ ಮೊದಲೇ ಹಂಚಿದ) ಕೀಲಿ ಹಾಕಿ, ಆ ಕಾನ್ಫಿಗ್ ಕಡತವನ್ನು ಟಿಎಫ್‌ಟಿಪಿ ಸರ್ವರ್‌ನಲ್ಲೋ ಮೇಲ್‌ನಲ್ಲೋ ಬಿಟ್ಟಾಗ. ಐಕೆಇವಿ2 (ಎರಡು ರೂಟರ್‌ಗಳು ಕೀಲಿ ಒಪ್ಪಿಕೊಳ್ಳುವ ವಿಧಾನ) ಮತ್ತು ಸರ್ಟಿಫಿಕೇಟ್ ಬಳಸಿ, ಖಾಸಗಿ ಕೀಲಿ ರೂಟರ್‌ನ ಸುರಕ್ಷಿತ ಚಿಪ್‌ನಲ್ಲೇ ಹುಟ್ಟಿ ಹೊರಗೆ ತೆಗೆಯಲಾಗದಂತೆ ಇರಲಿ. ಹಳೆಯ ಐಕೆಇವಿ1, 3ಡಿಇಎಸ್ ಸೈಫರ್, ಕೀಲಿ ವಿನಿಮಯದ ಡಿಎಚ್ ಗುಂಪು 2 ಮತ್ತು 5 ಪೂರ್ತಿ ತೆಗೆಯಿರಿ. ಗುಂಪು 19 ಅಥವಾ 20 ಹಾಕಿ. ಕೀಲಿಯ ಆಯುಷ್ಯ ಐಕೆಇ ಎಸ್‌ಎಗೆ (ಕೀಲಿ ಮಾತುಕತೆಯ ಸಂಪರ್ಕ) 86,400 ಸೆಕೆಂಡ್, ಚೈಲ್ಡ್ ಎಸ್‌ಎಗೆ (ಮಾಹಿತಿ ಹರಿಯುವ ಸಂಪರ್ಕ) 3,600 ಸೆಕೆಂಡ್, ಪಿಎಫ್‌ಎಸ್ (ಪ್ರತಿ ಸಲ ಹೊಸ ಕೀಲಿ ವಿನಿಮಯ) ಚಾಲೂ. ಮ್ಯಾನ್ಯುಯಲ್ ಕೀಲಿ ಹಾಕಿ ಎಇಎಸ್-ಜಿಸಿಎಂ ಓಡಿಸುವುದಂತೂ ಎಂದೂ ಬೇಡ. ರೂಟರ್ ರೀಬೂಟ್ ಆದಾಗ ಎಣಿಕೆ ಮೊದಲಿನಿಂದ ಶುರುವಾಗಿ ಅದೇ ಕೀಲಿಗೆ ಅದೇ ನಾನ್ಸ್ (ಒಂದೇ ಸಲ ಬಳಸಬೇಕಾದ ಸಂಖ್ಯೆ) ಮತ್ತೆ ಬರುತ್ತದೆ. ಹಾಗಾದರೆ ಗುಟ್ಟೂ ಹೋಯಿತು, ಪ್ಯಾಕೆಟ್ಟನ್ನು ತಿದ್ದಿಲ್ಲ ಎಂಬ ಖಾತ್ರಿಯೂ ಹೋಯಿತು.

ಸರ್ಟಿಫಿಕೇಟ್ ಹಾಕಿದ ಮೇಲೆ ಗಡಿಯಾರದ ಗಂಟು ಬೀಳುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ದೊಡ್ಡದು. ರೂಟರ್ ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದ್ದರೆ ಅಥವಾ ಬ್ಯಾಟರಿಯೇ ಇಲ್ಲದ ಮಾದರಿಯಾದರೆ, ಯುಪಿಎಸ್ ಬರಿದಾಗಿ ಮತ್ತೆ ಎದ್ದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಜಿಲ್ಲಾ ಕಚೇರಿಯ ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ' ಎಂದು ತಿರಸ್ಕಾರ. ಸಮಯ ಸರಿಪಡಿಸುವ ಎನ್‌ಟಿಪಿ ಸರ್ವರ್ ಇರುವುದು ಟನಲ್‌ನ ಆಚೆಗೆ, ಟನಲ್ ಏಳಬೇಕಾದರೆ ಸಮಯ ಬೇಕು. ಯಾರಾದರೂ ಕನ್ಸೋಲ್ ಕೇಬಲ್ ಹಿಡಿದು ಹೊಸನಗರಕ್ಕೆ ಹೋಗಿ ದಿನಾಂಕ ಟೈಪ್ ಮಾಡುವ ತನಕ ಕಚೇರಿ ಬಂದ್. ಹಬ್‌ನ ಹೊರಮೈಯಲ್ಲಿ ಕೀಲಿ ಸಹಿತ ಎನ್‌ಟಿಪಿಯನ್ನು ಟನಲ್‌ನ ಹೊರಗೆ ಬಿಡಿ, ಆ ಒಂದು ವಿಳಾಸಕ್ಕೆ ಮಾತ್ರ. ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಸರ್ವರ್‌ದೂ ಇದೇ ಕಥೆ, ಅದೂ ಟನಲ್‌ನ ಒಳಗೆ ಮಾತ್ರ ಸಿಗುವಂತೆ ಇಡಬೇಡಿ. ಹಬ್‌ನ ಸಮಯ ಎನ್‌ಐಸಿ ಅಥವಾ ಎನ್‌ಪಿಎಲ್ ಎನ್‌ಟಿಪಿಯಿಂದ ಬರಲಿ. ಸರ್ಟ್-ಇನ್‌ನ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನ ಹೇಳುವುದೂ ಅದನ್ನೇ, ಲಾಗ್‌ಗಳನ್ನು 180 ದಿನ ಇಡಬೇಕೆಂಬುದೂ ಅದರಲ್ಲೇ ಇದೆ.

ಭದ್ರಾತೀರ

ತುಂಬಾ ಉಪಕಾರ. ರೂಟರ್ ಇಲಾಖೆಯದೇ, ಅಡ್ಮಿನ್ ನಮ್ಮ ಕೈಯಲ್ಲೇ ಇರುತ್ತದೆ. ಈಗ ಸಾಗರ ಮತ್ತು ತೀರ್ಥಹಳ್ಳಿಗೆ ಪ್ರಯೋಗಕ್ಕೆ ಎರಡು ರೂಟರ್ ತಂದಿದ್ದಾರೆ. ಸಾಗರದಲ್ಲಿ ಲೀಸ್ಡ್ ಲೈನ್ ಮೇಲೆ ಟನಲ್ ಅಪ್, ಪಿಂಗ್ ಚೆನ್ನಾಗಿದೆ, ಲಾಗಿನ್ ಪುಟವೂ ಬರುತ್ತದೆ. ಸ್ಕ್ಯಾನ್ ಪ್ರತಿ ಅಪ್‌ಲೋಡ್ ಮಾಡಿದರೆ ಮಾತ್ರ ನಿಂತುಬಿಡುತ್ತದೆ. ತೀರ್ಥಹಳ್ಳಿಯಲ್ಲಿ 4ಜಿ ಮೇಲೆ ಟನಲ್ ಏಳುವುದೇ ಇಲ್ಲ, ಅದೇ ಕಾನ್ಫಿಗ್ ಲೀಸ್ಡ್ ಲೈನ್‌ನಲ್ಲಿ ಏಳುತ್ತದೆ. ಚಿಪ್ ದೋಷ ಇರಬಹುದು, ಬೇರೆ ಮಾಡೆಲ್ ಕೊಡುತ್ತೇವೆ ಎನ್ನುತ್ತಿದ್ದಾರೆ.

ಕುಮುದ್ವತಿ

ಮಾಡೆಲ್ ಬದಲಿಸಬೇಡಿ ಸರ್. ಎರಡೂ ಪ್ಯಾಕೆಟ್ಟಿನ ಗಾತ್ರದ ತೊಂದರೆ, ಒಂದೊಂದು ಕಡೆ ಒಂದೊಂದು ರೂಪ.

ಸಾಗರದ್ದು ಎಂಟಿಯು, ಅಂದರೆ ಲೈನ್ ಬಿಡುವ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ. 1500 ಬೈಟಿನ ಪ್ಯಾಕೆಟ್‌ಗೆ ಹೊರಗಿನ ಐಪಿ ಹೆಡರ್ 20, ಇಎಸ್‌ಪಿ (ಐಪಿಸೆಕ್‌ನ ಹೊದಿಕೆ) ಹೆಡರ್ 8, ಸೈಫರ್‌ಗೆ ಬೇಕಾದ ಐವಿ 8, ಬಾಲದ ಕಡೆ ಪ್ಯಾಡಿಂಗ್ ಜೊತೆ 2ರಿಂದ 5, ತಿದ್ದಿಲ್ಲ ಎಂದು ತೋರಿಸುವ ಐಸಿವಿ 16 ಸೇರಿ 54ರಿಂದ 57 ಬೈಟ್ ಹೆಚ್ಚುತ್ತದೆ. ನ್ಯಾಟ್ (ಹಲವರಿಗೆ ಒಂದೇ ಐಪಿ ವಿಳಾಸ ಹಂಚುವ ಕ್ರಮ) ದಾಟುವುದಾದರೆ ಯುಡಿಪಿಯ 8 ಮತ್ತೆ ಸೇರಿತು. ಲೈನ್ 1500ಕ್ಕಿಂತ ದೊಡ್ಡದನ್ನು ಬಿಡುವುದಿಲ್ಲ. 'ಗಾತ್ರ ಕಡಿಮೆ ಮಾಡು' ಎಂದು ರೂಟರ್ ಕಳಿಸುವ ಐಸಿಎಂಪಿ ಸಂದೇಶವನ್ನು ದಾರಿಯಲ್ಲಿನ ಫೈರ್‌ವಾಲ್ ತಡೆದಿರುತ್ತದೆ, ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಪಿಂಗ್ ಸಣ್ಣದು, ಲಾಗಿನ್ ಪುಟ ಸಣ್ಣದು, ಹಾಗಾಗಿ ಅವೆರಡೂ ದಾಟುತ್ತವೆ.

ಟನಲ್ ಇಂಟರ್‌ಫೇಸ್‌ಗೆ ಎಂಟಿಯು 1400, ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಮಾಹಿತಿಯ ಮಿತಿ) 1360 ಕೊಡಿ. ಆಮೇಲೆ ಸಾಗರದ ಒಂದು ಕಂಪ್ಯೂಟರ್‌ನಿಂದ ಜಿಲ್ಲಾ ಸರ್ವರ್‌ಗೆ 'ಒಡೆಯಬೇಡ' ಎಂಬ ಡಿಎಫ್ ಗುರುತು ಹಾಕಿ 1372 ಬೈಟ್ ಪಿಂಗ್ ಕಳಿಸಿ. ಅದಕ್ಕೆ ಹೆಡರ್ 28 ಸೇರಿ ಸರಿಯಾಗಿ 1400 ಆಗುತ್ತದೆ. ಇದು ದಾಟಬೇಕು, 1373 ದಾಟಬಾರದು. ಎಂಎಸ್‌ಎಸ್ ಟಿಸಿಪಿಗೆ ಮಾತ್ರ ಅನ್ವಯ, ಆದ್ದರಿಂದ ದೊಡ್ಡ ಯುಡಿಪಿ ಕಳಿಸುವ ಕ್ಯಾಮೆರಾ ಏನಾದರೂ ಇದ್ದರೆ ಅದರಲ್ಲೇ ಗಾತ್ರ ಇಳಿಸಬೇಕು. ರೂಟರ್ ಎನ್‌ಕ್ರಿಪ್ಟ್ ಮಾಡಿದ ಮೇಲೆ ಒಡೆಯುವಂತೆ ಬಿಟ್ಟು 'ಸರಿಯಾಯಿತು' ಎನ್ನುವವರಿದ್ದಾರೆ. ಹಾಗೆ ಬಿಟ್ಟರೆ ಆಚೆ ತುದಿ ಚೂರುಗಳನ್ನು ಜೋಡಿಸಿದ ಮೇಲಷ್ಟೇ ಚಿಪ್‌ಗೆ ಕೊಡಲು ಸಾಧ್ಯ. ಜೋಡಿಸುವ ಕೆಲಸ ಸಾಮಾನ್ಯವಾಗಿ ಸಿಪಿಯು ಮೇಲೆ ಬೀಳುತ್ತದೆ, ದುಡ್ಡು ಕೊಟ್ಟು ತಂದ ಹಾರ್ಡ್‌ವೇರ್ ಸುಮ್ಮನೆ ಕೂರುತ್ತದೆ.

ತೀರ್ಥಹಳ್ಳಿಯಲ್ಲಿ ಲಾಗ್ ತೆಗೆದು ನೋಡಿ. ಐಕೆಇ ಮೊದಲ ಹಂತ, ಅಂದರೆ ಎಸ್‌ಎ-ಇನಿಟ್, ಹೋಗಿ ಉತ್ತರ ಬಂದಿರುತ್ತದೆ. ಎರಡನೆಯದಾದ ಆಥ್ ಹಂತದಲ್ಲಿ ಕಳಿಸಿದ್ದೇ ಕಳಿಸುತ್ತಾ ಟೈಮ್‌ಔಟ್ ಆಗಿರುತ್ತದೆ. ಆ ಎರಡನೇ ಸಂದೇಶದಲ್ಲೇ ಸರ್ಟಿಫಿಕೇಟ್ ಹೋಗುವುದು. ಆರ್‌ಎಸ್‌ಎ 4096 ಸರ್ಟಿಫಿಕೇಟ್ ಜೊತೆಗೆ ನಡುವಿನ ಸಿಎಯದೂ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಸೇರಿದರೆ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವುದಿಲ್ಲ, ಐಪಿ ಮಟ್ಟದಲ್ಲಿ ಎರಡು ಮೂರು ಚೂರಾಗುತ್ತದೆ. ಮೊಬೈಲ್ ಜಾಲದ ನ್ಯಾಟ್ ಇಂಥ ಚೂರುಗಳನ್ನು ಬಿಸಾಡುವುದು ಹೊಸದೇನಲ್ಲ. ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 7383ರ ಐಕೆಇವಿ2 ಫ್ರಾಗ್ಮೆಂಟೇಶನ್ ಎರಡೂ ತುದಿಯಲ್ಲಿ ಚಾಲೂ ಮಾಡಿ, ಆಗ ಐಕೆಇ ತಾನೇ ಸಣ್ಣ ಸಂದೇಶಗಳಾಗಿ ಒಡೆದು ಕಳಿಸುತ್ತದೆ. ಒಂದೇ ತುದಿಯಲ್ಲಿ ಹಾಕಿದರೆ ಕೆಲಸ ಮಾಡುವುದಿಲ್ಲ, ಇದನ್ನು ಮರೆಯುವವರೇ ಹೆಚ್ಚು. ಸಾಧ್ಯವಾದರೆ ಸರ್ಟಿಫಿಕೇಟನ್ನೂ ಸಣ್ಣ ಕೀಲಿಯ ಇಸಿಡಿಎಸ್‌ಎ ಪಿ-384ಕ್ಕೆ ಬದಲಿಸಿ, ಗಾತ್ರ ತುಂಬಾ ಇಳಿಯುತ್ತದೆ.

4ಜಿ ಸಿಮ್‌ಗೆ ಸಿಗುವುದು ಸಾಮಾನ್ಯವಾಗಿ ಹಂಚಿಕೊಂಡ ವಿಳಾಸ, ಹೊರಗಿನಿಂದ ತಲುಪಲು ಆಗುವುದಿಲ್ಲ. ಕರೆ ಶುರು ಮಾಡುವುದು ತಾಲ್ಲೂಕಿನ ರೂಟರೇ ಆಗಿರಬೇಕು, ಹಬ್ ಉತ್ತರಿಸುವುದಷ್ಟೇ. ನ್ಯಾಟ್ ಕೀಪ್‌ಅಲೈವ್ 20 ಸೆಕೆಂಡ್, ಡಿಪಿಡಿ (ಆಚೆ ತುದಿ ಬದುಕಿದೆಯೇ ಎಂಬ ಪರೀಕ್ಷೆ) 10 ಸೆಕೆಂಡಿಗೊಮ್ಮೆ, ಮೂರು ಸಲ ಉತ್ತರ ಬರದಿದ್ದರೆ ಟನಲ್ ಸತ್ತಿತು ಎಂದು ಲೆಕ್ಕ. ಹಬ್ ಕಡೆ ತಾಲ್ಲೂಕನ್ನು ಐಪಿ ವಿಳಾಸದಿಂದ ಗುರುತಿಸುವಂತೆ ಬರೆದಿದ್ದರೆ 4ಜಿಯಲ್ಲಿ ಎಂದೂ ಹೊಂದುವುದಿಲ್ಲ. ಸರ್ಟಿಫಿಕೇಟಿನ ಹೆಸರಿನಿಂದ ಗುರುತಿಸಲಿ. 4ಜಿ ದಾರಿಯ ಎಂಟಿಯು ಲೀಸ್ಡ್ ಲೈನ್‌ಗಿಂತ ಕಡಿಮೆ ಇರಬಹುದು, ಅದೇ ಡಿಎಫ್ ಪಿಂಗ್‌ನಿಂದ ಬೇರೆಯಾಗಿ ಅಳೆಯಿರಿ.

ಆಗುಂಬೆ ಘಾಟಿ

ಪೆಟ್ಟಿಗೆಯ ಹೊರಗಿನ ವಿಷಯ ಯಾರೂ ಹೇಳಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಕಡೆ ರೂಟರ್ ಸಾಯುವುದು ಕರೆಂಟ್ ಕಡೆಯಿಂದಷ್ಟೇ ಅಲ್ಲ, ನೆಟ್‌ವರ್ಕ್ ತಂತಿಯಿಂದಲೂ. ಮಾಡಿನ ಮೇಲಿನ ರೇಡಿಯೊದಿಂದ ಅಥವಾ ಆಚೆ ಕಟ್ಟಡದಿಂದ ತಾಮ್ರದ ಕ್ಯಾಟ್6 ನೇರ ರೂಟರ್‌ಗೆ ಬಂದಿದ್ದರೆ ಹತ್ತಿರ ಎಲ್ಲೋ ಸಿಡಿಲು ಬಡಿದರೂ ಪೋರ್ಟ್ ಹೋಗುತ್ತದೆ. ನಡುವೆ ಎರಡು ಮೀಟರ್ ಆದರೂ ಫೈಬರ್ ಇರಲಿ. ಎರಡು ಮೀಡಿಯಾ ಕನ್ವರ್ಟರ್ ಮತ್ತು ಒಂದು ಪ್ಯಾಚ್ ಕಾರ್ಡ್, ರೂಟರ್ ಬೆಲೆಯ ಮುಂದೆ ಏನೂ ಅಲ್ಲ. ಹೊರಗಿನ ಕನ್ವರ್ಟರ್‌ಗೆ ಬೇರೆ ಸರ್ಜ್ ಪ್ರೊಟೆಕ್ಟರ್ ಕೊಡಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಪ್ರತಿರೋಧ ಏರಿಬಿಡುತ್ತದೆ, ಆದ್ದರಿಂದ ಅಳತೆಯನ್ನು ಮಳೆಗಾಲದಲ್ಲಿ ಮಾಡಿ ಸಹಿ ಹಾಕಿಸಿಕೊಳ್ಳಬೇಡಿ. ಮಾರ್ಚ್‌ನಲ್ಲಿ ಅಳೆದು 5 ಓಮ್ ಒಳಗಿದ್ದರೆ ಮಾತ್ರ ಒಪ್ಪಿ.

ಇದಕ್ಕೂ ಎನ್‌ಕ್ರಿಪ್ಷನ್‌ಗೂ ಏನು ಸಂಬಂಧ ಅಂದರೆ, ಸುಟ್ಟ ರೂಟರ್ ವಾರಂಟಿಗೆ ವಾಪಸ್ ಹೋಗುತ್ತದೆ. ಒಳಗೆ ಕೀಲಿ, ಕಾನ್ಫಿಗ್, ಲಾಗ್ ಎಲ್ಲ ಇರುತ್ತದೆ. ಸತ್ತ ಪೆಟ್ಟಿಗೆಯಲ್ಲಿ ಅಳಿಸುವ ಆದೇಶ ಕೊಡಲು ಆಗುವುದಿಲ್ಲ. ಆದ್ದರಿಂದ ಸಾಧನ ಸತ್ತ ದಿನವೇ ಅದರ ಸರ್ಟಿಫಿಕೇಟ್ ರದ್ದು ಮಾಡಿ, ಹೊಸ ಸಿಆರ್‌ಎಲ್ ಹಬ್‌ಗೆ ತಲುಪಿದೆಯೇ ನೋಡಿ. ಟೆಂಡರಿನಲ್ಲಿ 'ಕೆಟ್ಟ ಸ್ಟೋರೇಜ್ ಇಲಾಖೆಯಲ್ಲೇ ಉಳಿಯುತ್ತದೆ, ಅದಕ್ಕೆ ಹೆಚ್ಚುವರಿ ದರ ಇಲ್ಲ' ಎಂಬ ಸಾಲು ಇರಲಿ. ಬೋರ್ಡಿಗೇ ಬೆಸುಗೆ ಹಾಕಿದ ಫ್ಲ್ಯಾಶ್ ಆದರೆ ಪೂರ್ತಿ ಬೋರ್ಡನ್ನೇ ಉಳಿಸಿಕೊಳ್ಳುವ ಷರತ್ತು ಬೇಕು.

ಬದಲಿಗೆ ಒಂದು ಸ್ಪೇರ್ ಜಿಲ್ಲಾ ಕಚೇರಿಯಲ್ಲಿ ಇಡಿ, ಅದರಲ್ಲಿ ಯಾವ ತಾಲ್ಲೂಕಿನ ಕೀಲಿಯನ್ನೂ ತುಂಬಿಡಬೇಡಿ. ತಾಲ್ಲೂಕಿಗೆ ಹೋದ ಮೇಲೆ ಒಂದೇ ಸಲ ಬಳಸುವ ಪಾಸ್‌ವರ್ಡ್‌ನಿಂದ ಇಎಸ್‌ಟಿ ಅಥವಾ ಎಸ್‌ಸಿಇಪಿ (ಜಾಲದ ಮೇಲೆಯೇ ಸರ್ಟಿಫಿಕೇಟ್ ಪಡೆಯುವ ವಿಧಾನಗಳು) ಮೂಲಕ ಹೊಸ ಸರ್ಟಿಫಿಕೇಟ್ ತೆಗೆದುಕೊಳ್ಳಲಿ. ಕೀಲಿ ತುಂಬಿದ ಸ್ಪೇರ್ ಬೀರುವಿನಲ್ಲಿ ಕೂತರೆ ಅದು ಕಾವಲಿಲ್ಲದ ಏಳನೇ ಕಚೇರಿ.

ಫಿಪ್ಸ್‌ನ ಲೆವೆಲ್ 2, ಲೆವೆಲ್ 3 ಚರ್ಚೆಗೂ ಇದು ಹೊಂದುತ್ತದೆ. ಲೆವೆಲ್ 2 ಅಂದರೆ ಬಿಚ್ಚಿದರೆ ಗುರುತು ಉಳಿಯುವ ಸೀಲ್. ಲೆವೆಲ್ 3ರಲ್ಲಿ ಪೆಟ್ಟಿಗೆ ಬಿಚ್ಚಿದರೆ ಕೀಲಿ ತಾನೇ ಅಳಿಯುತ್ತದೆ, ಆ ಕಾವಲು ಸರ್ಕ್ಯೂಟ್ ಸಾಧಾರಣವಾಗಿ ಒಳಗಿನ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ಮುಗಿದರೂ ಕೀಲಿ ಹೋಗುತ್ತದೆ. ಅಂಥದ್ದನ್ನು ಆರು ಕಡೆ ಇಟ್ಟರೆ ಬ್ಯಾಟರಿ ಬದಲಿಸುವ ದಿನಾಂಕದ ಪುಸ್ತಕ ಇಡುವ ಒಬ್ಬರು ಬೇಕು. ಬೀಗ ಇರುವ ರ್‍ಯಾಕ್, ಲೆವೆಲ್ 2 ಸಾಧನ, ತಿಂಗಳಿಗೊಮ್ಮೆ ಸೀಲ್ ಸಂಖ್ಯೆ ನೋಡಿ ಬರೆಯುವ ರಿಜಿಸ್ಟರ್ ನಿಮಗೆ ಸಾಕು. ಸೀಲ್ ಹಚ್ಚುವಾಗ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿಸಿ, ಒತ್ತಿ ಹಿಡಿದು, ಒಂದು ದಿನ ಮುಟ್ಟದೆ ಬಿಡಿ. ಜುಲೈ ತಿಂಗಳ ತೇವದಲ್ಲಿ ಒದ್ದೆ ಮೇಲ್ಮೈಗೆ ಹಚ್ಚಿದರೆ ಅಂಚು ತಾನೇ ಏಳುತ್ತದೆ, ಆಮೇಲೆ ಯಾರೋ ಬಿಚ್ಚಿದರೋ ಅಂಟು ಬಿಟ್ಟಿತೋ ಹೇಳುವವರಿಲ್ಲ. ಬಳಸದ ಎಸ್‌ಎಫ್‌ಪಿ ಕಿಂಡಿಗಳಿಗೆ ಮುಚ್ಚಳ ಹಾಕಿ. ಮಳೆಗಾಲದಲ್ಲಿ ರಾತ್ರಿ ಹೊತ್ತು ರೂಟರ್ ಆಫ್ ಮಾಡಿ ಹೋಗುವ ಅಭ್ಯಾಸ ಇದ್ದರೆ ಬಿಡಿಸಿ, ಚಾಲೂ ಇದ್ದು ಬೆಚ್ಚಗಿರುವ ಸಾಧನದ ಒಳಗೆ ತೇವ ಕೂರುವುದಿಲ್ಲ.

ಭದ್ರಾತೀರ

ಕುಮುದ್ವತಿ ಅವರು ಹೇಳಿದಂತೆ ಮಾಡಿದೆವು. ಸಾಗರದಲ್ಲಿ ಅಪ್‌ಲೋಡ್ ಹೋಗುತ್ತಿದೆ. ತೀರ್ಥಹಳ್ಳಿಯದು ಆಥ್ ಹಂತದಲ್ಲೇ ನಿಂತಿದ್ದು, ಫ್ರಾಗ್ಮೆಂಟೇಶನ್ ಹಬ್‌ನಲ್ಲಿ ಇರಲಿಲ್ಲ. ಈಗ 4ಜಿಯಲ್ಲೂ ಏಳುತ್ತಿದೆ. ಟೆಂಡರಿಗೆ ಪ್ರಮಾಣಪತ್ರದ ಸಾಲು ಹೇಗೆ ಬರೆಯಲಿ? ಬಂದ ಮೇಲೆ ಪರೀಕ್ಷೆ ಏನು ಮಾಡಿಸಲಿ?

ಕೊಡಚಾದ್ರಿ

'ಫಿಪ್ಸ್ ಪ್ರಮಾಣಿತ' ಎಂದಷ್ಟೇ ಬರೆದರೆ ಯಾವುದೋ ಹಳೆಯ ಪ್ರಮಾಣಪತ್ರದ ಜೆರಾಕ್ಸ್ ಬರುತ್ತದೆ. ಪ್ರಮಾಣಪತ್ರ ಮಾಡ್ಯೂಲ್‌ಗೂ ಅದರ ನಿರ್ದಿಷ್ಟ ಫರ್ಮ್‌ವೇರ್ ಆವೃತ್ತಿಗೂ ಕೊಟ್ಟಿದ್ದು. ಕ್ರಮಸಂಖ್ಯೆ, ಆವೃತ್ತಿ ಎರಡನ್ನೂ ಬಿಡ್‌ನಲ್ಲೇ ಕೇಳಿ, ಎನ್‌ಐಎಸ್‌ಟಿ (ಫಿಪ್ಸ್ ಹೊರಡಿಸುವ ಅಮೆರಿಕದ ಸಂಸ್ಥೆ) ಜಾಲತಾಣದಲ್ಲಿ 'ಸಕ್ರಿಯ' ಪಟ್ಟಿಯಲ್ಲಿದೆಯೇ ನೀವೇ ನೋಡಿ. ಫಿಪ್ಸ್‌ನ ಹಳೆಯ ಆವೃತ್ತಿಯಾದ 140-2 ಪ್ರಮಾಣಪತ್ರಗಳೆಲ್ಲ 2026ರ ಸೆಪ್ಟೆಂಬರ್ 21ಕ್ಕೆ 'ಐತಿಹಾಸಿಕ' ಪಟ್ಟಿಗೆ ಹೋಗುವುದರಿಂದ 140-3 ಎಂದೇ ಬರೆಯಿರಿ. ಫಿಪ್ಸ್ ಮೋಡ್ ತಾನಾಗಿ ಚಾಲೂ ಇರುವುದಿಲ್ಲ, ಸ್ಥಾಪಿಸುವವರು ಅದನ್ನು ಹಾಕಿ ತೋರಿಸಬೇಕು.

ನಮ್ಮ ದೇಶದ ಕಡೆಯಿಂದ ಟಿಇಸಿಯ (ದೂರಸಂಪರ್ಕ ಇಲಾಖೆಯ ತಾಂತ್ರಿಕ ಕೇಂದ್ರ) ಎಂಟಿಸಿಟಿಇ, ಅಂದರೆ ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆಯ, ಪ್ರಮಾಣಪತ್ರ ಬೇಕು. ಸುರಕ್ಷತೆಯ ಪರೀಕ್ಷೆಗೆ ಬೆಂಗಳೂರಿನ ಎನ್‌ಸಿಸಿಎಸ್ (ದೂರಸಂಪರ್ಕ ಸುರಕ್ಷತೆಯ ಕೇಂದ್ರ) ರೂಪಿಸಿದ ಐಪಿ ರೂಟರ್‌ನ ಐಟಿಎಸ್‌ಎಆರ್ (ಸುರಕ್ಷತಾ ಅಗತ್ಯಗಳ ಪಟ್ಟಿ) ಇದೆ, ಅದಕ್ಕೆ ಹೊಂದುವ ಪ್ರಮಾಣಪತ್ರವನ್ನೂ ಕೇಳಿ. ಕಾಮನ್ ಕ್ರೈಟೀರಿಯಾ (ಹಲವು ದೇಶಗಳು ಒಪ್ಪಿದ ಸುರಕ್ಷತಾ ಪರೀಕ್ಷೆ) ತೋರಿಸಿದರೆ ಒಪ್ಪಬಹುದು, ಭಾರತ 2013ರಿಂದ ಆ ಒಪ್ಪಂದದಲ್ಲಿ ಪ್ರಮಾಣಪತ್ರ ಕೊಡುವ ಸದಸ್ಯ ದೇಶ. ಆದರೆ ಯಾವ ಪ್ರೊಟೆಕ್ಷನ್ ಪ್ರೊಫೈಲ್‌ಗೆ (ಏನೇನು ಪರೀಕ್ಷಿಸಬೇಕೆಂಬ ಪಟ್ಟಿ) ಪರೀಕ್ಷಿಸಿದ್ದು ಎಂದು ಓದಿ, ವಿಪಿಎನ್ ಭಾಗ ಪರೀಕ್ಷೆಯಿಂದ ಹೊರಗೇ ಉಳಿದಿರುವುದೂ ಉಂಟು.

ಮುಂದೆ ಬರಬಹುದಾದ ಕ್ವಾಂಟಮ್ ಕಂಪ್ಯೂಟರ್ ವಿಷಯ ಈಗಲೇ ಒಂದು ಸಾಲು ಸೇರಿಸಿ. ಇವತ್ತು ಹಿಡಿದಿಟ್ಟ ಟ್ರಾಫಿಕ್ಕನ್ನು ಮುಂದೆ ಬಿಡಿಸುವವರಿಗೆ ದಾರಿಯಾಗುವುದು ಎಇಎಸ್-256 ಅಲ್ಲ, ಕೀಲಿ ವಿನಿಮಯದ ಭಾಗ. ಬ್ಯಾಂಕ್ ಮತ್ತು ಗುರುತಿನ ವಿವರಗಳು ಹತ್ತಾರು ವರ್ಷ ಬೆಲೆ ಕಳೆದುಕೊಳ್ಳುವುದಿಲ್ಲ. ಆರ್‌ಎಫ್‌ಸಿ 8784ರಂತೆ ಐಕೆಇವಿ2ಗೆ ಪೂರ್ವಹಂಚಿಕೆಯ ಹೆಚ್ಚುವರಿ ಕೀಲಿ ಬೆರೆಸುವ ಸೌಲಭ್ಯ ಮೊದಲ ದಿನದಿಂದಲೇ ಇರಲಿ. ಪ್ರತಿ ತಾಲ್ಲೂಕಿಗೆ ಬೇರೆ ಬೇರೆ, 32 ಬೈಟಿನ, ಯಂತ್ರವೇ ಹುಟ್ಟಿಸಿದ ಯಾದೃಚ್ಛಿಕ ಕೀಲಿ. 2024ರ ಆಗಸ್ಟ್‌ನಲ್ಲಿ ಬಂದ ಫಿಪ್ಸ್ 203ರ ಎಂಎಲ್-ಕೆಇಎಂ (ಕ್ವಾಂಟಮ್ ತಡೆಯುವ ಕೀಲಿ ವಿನಿಮಯ) ಅನ್ನು ಆರ್‌ಎಫ್‌ಸಿ 9370ರ ದಾರಿಯಲ್ಲಿ ಫರ್ಮ್‌ವೇರ್ ಮೂಲಕ ಸೇರಿಸುವ ಲಿಖಿತ ಭರವಸೆ ಬೆಂಬಲದ ಅವಧಿಯೊಳಗೆ ಕೊಡಲಿ.

ಪರೀಕ್ಷೆಯನ್ನು ಶಿವಮೊಗ್ಗದಲ್ಲೇ ಮೇಜಿನ ಮೇಲೆ ಮಾಡಿಸಿ, ಹಣ ಬಿಡುಗಡೆಗೆ ಮುಂಚೆ. ಹಬ್ ಮತ್ತು ಒಂದು ತಾಲ್ಲೂಕಿನ ರೂಟರ್ ಜೋಡಿಸಿ, ಎರಡೂ ಕಡೆ ಟ್ರಾಫಿಕ್ ಹುಟ್ಟಿಸುವ ಲ್ಯಾಪ್‌ಟಾಪ್ ಇಟ್ಟು, 64, 512, 1372 ಬೈಟ್ ಮೂರರಲ್ಲೂ ಹತ್ತತ್ತು ನಿಮಿಷ ಓಡಿಸಿ. ಓಡುವಾಗ ಕ್ರಿಪ್ಟೊ ಚಿಪ್‌ನ ಎಣಿಕೆ ಏರುತ್ತಿದೆಯೇ, ಸಿಪಿಯು ಏರುತ್ತಿದೆಯೇ ಎಂದು ನೋಡಿ. ಸಿಪಿಯು ಮಾತ್ರ ಏರಿದರೆ ಕೆಲಸ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿದೆ ಎಂದರ್ಥ. ಆರಿಸಿದ ಸೈಫರ್ ಅನ್ನು ಆ ಚಿಪ್ ಮಾಡುವುದಿಲ್ಲ, ಇಲ್ಲವೇ ಲೈಸೆನ್ಸ್ ಬಿದ್ದಿಲ್ಲ. ಮಧ್ಯೆ ಒಂದು ಮೀಡಿಯಾ ಟ್ಯಾಪ್ ಇಟ್ಟು ಪ್ಯಾಕೆಟ್ ಹಿಡಿದರೆ ಇಎಸ್‌ಪಿ, ಐಕೆಇ, ಆ ಒಂದು ಎನ್‌ಟಿಪಿ, ಸಿಆರ್‌ಎಲ್ ತರುವ ಒಂದು ಸಂಪರ್ಕ ಬಿಟ್ಟು ಬೇರೇನೂ ಕಾಣಬಾರದು. ಟನಲ್ ಬಿದ್ದಾಗ ಟ್ರಾಫಿಕ್ ಬಯಲಾಗಿ ಹೊರಟುಬಿಡುತ್ತದೆಯೇ ಎಂಬುದಂತೂ ನೋಡಲೇಬೇಕು. ಹಬ್‌ನ ಐಕೆಇ ನಿಲ್ಲಿಸಿ, ತಾಲ್ಲೂಕಿನ ಕಡೆಯಿಂದ ಪಿಂಗ್ ಬಿಟ್ಟು, ಟ್ಯಾಪ್‌ನಲ್ಲಿ ಒಂದು ಐಸಿಎಂಪಿ ಪ್ಯಾಕೆಟ್ ಕಂಡರೂ ಸಾಧನ ವಾಪಸ್ ಮಾಡುವ ಮೊದಲು ರೂಟಿಂಗ್ ನೋಡಿ. ಡಿಫಾಲ್ಟ್ ರೂಟ್ ಟನಲ್ ಬಿಟ್ಟು ಹೊರಮೈಗೆ ತೋರಿಸುತ್ತಿರುತ್ತದೆ. ಹೊರಮೈಯನ್ನು ಬೇರೆ ವಿಆರ್‌ಎಫ್‌ಗೆ (ರೂಟರ್ ಒಳಗಿನ ಪ್ರತ್ಯೇಕ ರೂಟಿಂಗ್ ಪಟ್ಟಿ) ಹಾಕಿ ಮತ್ತೆ ಅದೇ ಪರೀಕ್ಷೆ ಮಾಡಿಸಿ.

ವರದಾಮೂಲ

ಕೊನೆಗೆ ಕರೆಂಟ್ ಪರೀಕ್ಷೆಯೂ ಸೇರಿಸಿ. ತಾಲ್ಲೂಕಿನ ರೂಟರ್‌ನ ದಿನಾಂಕವನ್ನು ಐದು ವರ್ಷ ಹಿಂದಕ್ಕೆ ಹಾಕಿ, ಪ್ಲಗ್ ಕಿತ್ತು, ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಿ. ಯಾರೂ ಕೀಬೋರ್ಡ್ ಮುಟ್ಟದೆ ಸಮಯ ಸರಿಯಾಗಿ ಟನಲ್ ಏಳಬೇಕು. ಲೀಸ್ಡ್ ಲೈನ್ ಮೇಲೆ ಒಮ್ಮೆ, ಆ ಕೇಬಲ್ ತೆಗೆದು 4ಜಿ ಮೇಲೆ ಇನ್ನೊಮ್ಮೆ. 4ಜಿಯಲ್ಲಿ ಎನ್‌ಟಿಪಿ ವಿಳಾಸ ತಲುಪದೆ ಬೀಳುವ ಸಾಧ್ಯತೆ ಹೆಚ್ಚು, ಆ ವಿಳಾಸಕ್ಕೆ ಮೊಬೈಲ್ ಇಂಟರ್‌ಫೇಸ್‌ನಲ್ಲೂ ಸ್ಟ್ಯಾಟಿಕ್ ರೂಟ್ ಬೇಕಾಗುತ್ತದೆ.